ಎರಡು ಪ್ಲಾಟ್‌ಫಾರ್ಮ್ ಟಿಕೆಟ್

ಅಪ್ಪನ ಅಂಗಿ ನೆನೆಹಾಕುವ ಮೊದಲು ಕಿಸೆ ತಡವಿ ನೋಡುವುದು ನನಗೆ ಅವ್ವನಿಂದ ಬಂದ ರೂಢಿ. ಅಪ್ಪ ರೈಲ್ವೆ ಗಾರ್ಡ್ ಆಗಿದ್ದಾಗ ಆ ಕಿಸೆಯೊಳಗೆ ಸೀಟಿ ಇರುತ್ತಿತ್ತು, ಮೊಂಡ ಪೆನ್ಸಿಲ್ ಇರುತ್ತಿತ್ತು, ಒಮ್ಮೊಮ್ಮೆ ನಮಗೆಂದು ತಂದು ಕೊಡಲು ಮರೆತ ಪೆಪ್ಪರಮಿಂಟೂ ಇರುತ್ತಿತ್ತು. 2017ರಲ್ಲಿ ರಿಟೈರ್ ಆದಮೇಲೆ ಕಿಸೆ ಖಾಲಿಯಾಯಿತು. ಹಾಗಾಗಿ 2023ರ ಏಪ್ರಿಲ್ ತಿಂಗಳ ಒಂದು ರವಿವಾರ, ಹುಬ್ಬಳ್ಳಿ ಕೇಶ್ವಾಪುರದ ಮನೆಯ ಹಿತ್ತಲಲ್ಲಿ ಬಕೆಟ್ ಮುಂದೆ ಕೂತಾಗ ಕೈಗೆ ಎರಡು ಪ್ಲಾಟ್‌ಫಾರ್ಮ್ ಟಿಕೆಟ್ ಬಂದದ್ದು ನನಗೆ ದೊಡ್ಡ ಸುದ್ದಿಯಾಯಿತು. ಆ ವಾರ ಮನೆಗೆ ಯಾರೂ ಬಂದಿರಲಿಲ್ಲ. ಯಾರೂ ಊರಿಗೆ ಹೋಗಿರಲಿಲ್ಲ.

"ಅಪ್ಪಾ, ಯಾರ್ನ ಕಳಸಾಕ ಹೋಗಿದ್ದಿ?"

"ಯಾರ್ನೂ ಇಲ್ಲ."

"ಮತ್ತ ಎರಡು ಟಿಕೆಟ್?"

"ಹೊಸಾ ಪ್ಲಾಟ್‌ಫಾರ್ಮ್ ತೋರಸಾಕ ಹೋಗಿದ್ದೆ. ಅಕ್ಕೋರಿಗೆ."

ಅದರ ಹಿಂದಿನ ತಿಂಗಳಷ್ಟೇ ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1,507 ಮೀಟರಿನ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಗಿತ್ತು. ಜಗತ್ತಿನಲ್ಲೇ ಅತಿ ಉದ್ದದ್ದು ಎಂದು ಊರೆಲ್ಲ ಅದರದೇ ಮಾತು. ಈ ತುದಿಯಿಂದ ಆ ತುದಿಗೆ ಹೋಗಿ ಬಂದರೆ ಮೂರು ಕಿಲೋಮೀಟರ್. ಪ್ಲಾಟ್‌ಫಾರ್ಮ್ ಟಿಕೆಟ್ ನಡೆಯುವುದು ಎರಡು ತಾಸು. ಅರವತ್ತು ದಾಟಿದ ಇಬ್ಬರು ಮಾತಾಡಿಕೊಂತ ನಡೆದು, ನಡುವೆ ಎಲ್ಲೋ ಕೂತು ಒಂದು ಕಪ್ ಚಹಾ ಕುಡಿದರೆ ಸರಿಯಾಗಿ ಎರಡು ತಾಸು ಹಿಡಿಯುತ್ತದೆ. ಆಮೇಲೆ ಒಂದು ದಿನ ನಾನೇ ಹೋಗಿ ನಡೆದು ನೋಡಿದ್ದೇನೆ.

ಅಕ್ಕೋರು ಯಾರೆಂದು ಹೇಳಬೇಕು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಗಂಡಸರು ಮಾಸ್ತರು, ಹೆಂಗಸರು ಅಕ್ಕೋರು. ಇವರು ನನಗೆ ಮೂರನೇ ಇಯತ್ತೆಯಲ್ಲಿ ಕಲಿಸಿದವರು. ಧಾರವಾಡದ ಮಾಳಮಡ್ಡಿಯಿಂದ ದಿನಾ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬರುತ್ತಿದ್ದರು. ನನ್ನ 'ಳ' ಅಕ್ಷರ ಈಗಲೂ ದುಂಡಗಿದ್ದರೆ ಅದಕ್ಕೆ ಅವರು ನನ್ನ ಕೈಮೇಲೆ ಕೈಯಿಟ್ಟು ತಿದ್ದಿಸಿದ್ದೇ ಕಾರಣ. ಅವರ ಯಜಮಾನರು ಪೋಸ್ಟಮನ್ ಆಗಿದ್ದರು, 2009ರಲ್ಲಿ ತೀರಿಕೊಂಡರು. ಮಗಳೊಬ್ಬಳು ಪುಣೆಯಲ್ಲಿದ್ದಾಳೆ.

ನನ್ನ ಅವ್ವ ಹೋದದ್ದು 2020ರ ಜನವರಿಯಲ್ಲಿ. ಸುದ್ದಿ ತಿಳಿದು ಅಕ್ಕೋರು ಬಂದು ಹೋದರು, ಅಪ್ಪನಿಗೆ ಎರಡು ಮಾತು ಹೇಳಿದರು. ಅಷ್ಟೇ ಆಗಿ ಮುಗಿಯಬೇಕಿತ್ತು. ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಅಪ್ಪ ಊಟಕ್ಕೆ ಹೋಗುತ್ತಿದ್ದ ಖಾನಾವಳಿ ಬಾಗಿಲು ಹಾಕಿತು. ನಾನು ಧಾರವಾಡದಲ್ಲಿ, ತಮ್ಮ ಬೆಂಗಳೂರಿನಲ್ಲಿ, ಅಪ್ಪ ಒಬ್ಬರೇ ಕೇಶ್ವಾಪುರದಲ್ಲಿ, ಡಬ್ಬಿಯಲ್ಲಿ ಹತ್ತು ಕಿಲೋ ಜೋಳದ ಹಿಟ್ಟು. ಅನ್ನ ಮಾಡಿಕೊಂಡು ಉಣ್ಣಬಹುದಿತ್ತು. ಆದರೆ ನವಲಗುಂದದ ಕರಿಮಣ್ಣಿನ ಕಡೆ ಹುಟ್ಟಿದ ಮನುಷ್ಯನಿಗೆ ಮೂರು ಹೊತ್ತು ಅನ್ನ ಅಂದರೆ ಅದು ಜಡ್ಡಿನ ಊಟ.

ಜೋಳದ ರೊಟ್ಟಿ ಕಲಿಯುವುದು ಚಪಾತಿ ಕಲಿತಂತಲ್ಲ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ, ತಣ್ಣೀರು ಹಾಕಿ ಕಲಸಿದರೆ ಹಿಟ್ಟು ಮಣ್ಣಿನಂತೆ ಉದುರುತ್ತದೆ. ಕುದಿಯುವ ಎಸರು ಹುಯ್ದಾಗ ಮಾತ್ರ ಹಿಟ್ಟು ಬೆಂದು ಜಿಗಿ ಬಿಡುತ್ತದೆ. ಎಸರು ಕಡಿಮೆಯಾದರೆ ಅಂಚು ಸೀಳುತ್ತದೆ, ಹೆಚ್ಚಾದರೆ ಕೈಗೆ ಮೆತ್ತುತ್ತದೆ. ಹಿಟ್ಟು ಬೀಸಿಸಿ ಬಹಳ ದಿನವಾಗಿದ್ದರೆ ಏನು ಮಾಡಿದರೂ ರೊಟ್ಟಿ ಏಳುವುದಿಲ್ಲ. ಬಡಿಯುವಾಗ ರೊಟ್ಟಿ ತಾನೇ ತಿರುಗುತ್ತ ಹೋಗಬೇಕು. ಅದಕ್ಕೆ ಬಲ ಬೇಕಿಲ್ಲ, ತಾಳ ಬೇಕು. ಅವ್ವ ಬಡಿಯುವ ಸಪ್ಪಳ ಕೇಳಿಯೇ ನಾವು ನಿದ್ದೆಯಿಂದ ಏಳುತ್ತಿದ್ದೆವು. ಅಪ್ಪ ಮೂವತ್ತೊಂಬತ್ತು ವರ್ಷ ಆ ಸಪ್ಪಳ ಕೇಳಿದವರು, ಒಂದು ಸಲವೂ ಪರಾತಕ್ಕೆ ಕೈ ಹಾಕಿದವರಲ್ಲ.

ಅಪ್ಪನಿಗೆ ರೊಟ್ಟಿ ಕಲಿಸಿದವರು ಅಕ್ಕೋರು. ಫೋನಿನಲ್ಲಿ. ಯೋಗಕ್ಷೇಮ ಕೇಳಲು ಅವರು ಫೋನ್ ಮಾಡಿದ ದಿನ ಅಪ್ಪನ ಮುಂದೆ ನಾಲ್ಕು ತುಂಡಾದ ರೊಟ್ಟಿ ಇತ್ತಂತೆ. ಮರುದಿನ ಅವರು ಸಮಯ ಕೊಟ್ಟರು: ಮುಂಜಾನೆ ಹತ್ತು ಗಂಟೆ. ಅಪ್ಪ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ, ಸ್ಪೀಕರ್ ಹಾಕಿ, ಅಡುಗೆ ಕಟ್ಟೆಯ ಮುಂದೆ ನಿಂತರು. ಮೂರನೇ ಇಯತ್ತೆಯ ಮಕ್ಕಳಿಗೆ ಹೇಳಿದಂತೆಯೇ ಹೇಳಿದರಂತೆ. ತಪ್ಪಾದರೆ ಅಳಿಸಿ ಮತ್ತೆ ಬರೆಯುವಂತೆ, ಹರಿದರೆ ಮುದ್ದೆ ಮಾಡಿ ಮತ್ತೆ ಬಡಿಯಬೇಕು. ಹನ್ನೊಂದನೆಯ ದಿನ ರೊಟ್ಟಿ ಉಬ್ಬಿತು. ಅಪ್ಪ ನನಗೆ ಅದರ ಫೋಟೋ ಕಳಿಸಿದರು. ನಾನು ಅದನ್ನು ತಮ್ಮನಿಗೆ, ಅಪ್ಪನ ಅಕ್ಕನಿಗೆ, ಕಾಲೋನಿಯವರಿಗೆಲ್ಲ ಕಳಿಸಿದೆ. ಅಪ್ಪ ಆ ಫೋಟೋ ನನಗಿಂತ ಮೊದಲು ಯಾರಿಗೆ ಕಳಿಸಿದ್ದರು ಎಂದು ಕೇಳಬೇಕೆಂದು ಆಗ ಹೊಳೆಯಲೇ ಇಲ್ಲ.

ಟಿಕೆಟ್ ಸಿಕ್ಕ ಮೇಲೆ ಹಿಂದಿನದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ವಾರಕ್ಕೆ ಎರಡು ಸಲ ಅಪ್ಪ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಎಸಿ ಬಸ್ಸು ಚಿಗರಿ ಹತ್ತಿ ಧಾರವಾಡಕ್ಕೆ ಬರುತ್ತಿದ್ದರು, ಮೊಮ್ಮಗನನ್ನು ನೋಡಲು. ಬರುತ್ತಿದ್ದದ್ದು ಮೊಮ್ಮಗ ಶಾಲೆಯಲ್ಲಿರುವ ಹೊತ್ತಿಗೆ. ನಾನು ಆಫೀಸಿನಿಂದ ಬರುವಷ್ಟರಲ್ಲಿ ಮನೆಯ ಜಗಲಿಯಲ್ಲಿ ಕೂತಿರುತ್ತಿದ್ದರು, ಕೈಯಲ್ಲಿ ಲೈನ್ ಬಜಾರಿನ ಪೇಢೆ ಪೊಟ್ಟಣ. ಪೊಟ್ಟಣ ಬಿಚ್ಚಿದರೆ ಎರಡು ಪೇಢೆ ಕಡಿಮೆ ಇರುತ್ತಿದ್ದವು.

ಮಾತೂ ಬದಲಾಗಿತ್ತು. ಧಾರವಾಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಲಿಂಗಾಯತರು, ನಮ್ಮ ಮನೆಯಲ್ಲಿ 'ಐತಿ'. ಅಕ್ಕೋರು ಬ್ರಾಹ್ಮಣರು, ಅವರ ಮನೆಯಲ್ಲಿ 'ಅದ'. ನಮ್ಮ ರೊಟ್ಟಿ ಅವರಲ್ಲಿ ಭಕ್ರಿ. ಒಂದು ದಿನ ಅಪ್ಪ ಊಟಕ್ಕೆ ಕೂತವರು, "ಭಕ್ರಿ ಬಿಸಿ ಅದ, ಹಾಕ್ಕೋರಿ" ಅಂದರು. ನನ್ನ ಗಂಡ ತಲೆಯೆತ್ತಿ ನನ್ನನ್ನು ನೋಡಿದರು. ಶೇಂಗಾ ಚಟ್ನಿಗೆ ಮುಷ್ಟಿ ತುಂಬ ಬಳ್ಳೊಳ್ಳಿ ಹಾಕಿ ಕುಟ್ಟುತ್ತಿದ್ದ ಅಪ್ಪ ಎರಡು ಬರಣಿ ಇಡತೊಡಗಿದ್ದರು, ಒಂದು ಬಳ್ಳೊಳ್ಳಿ ಇಲ್ಲದ್ದು. ಎಲ್ಲಕ್ಕಿಂತ ಹೆಚ್ಚಾಗಿ, 'ಅಕ್ಕೋರು' ಅನ್ನುವುದು ಅವರ ಬಾಯಿಂದ ಮೆಲ್ಲಗೆ ಸರಿಯುತ್ತಿತ್ತು. ಕರೆಯಲು ಬೇರೆ ಹೆಸರೇನೂ ಬಂದಿರಲಿಲ್ಲ. ಬಂದದ್ದು 'ಇವರು'. "ಇವರು ಹೇಳತಿದ್ರು", "ಇವರಿಗೆ ಬ್ಯಾಸಿಗಿ ತಡಿಯೂದಿಲ್ಲ". ನಮ್ಮಲ್ಲಿ ಹೆಂಡತಿ ಗಂಡನನ್ನು, ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯದೆ ನೂರು ವರ್ಷ ಬಾಳುವುದು ಈ ಒಂದು ಸರ್ವನಾಮದ ಬಲದ ಮೇಲೆ. ಎದುರಿಗಿಲ್ಲದವರಿಗೆ 'ಅವರು' ಅನ್ನಬೇಕು. ಮಾಳಮಡ್ಡಿಯಲ್ಲಿರುವವರನ್ನು ಕೇಶ್ವಾಪುರದಲ್ಲಿ ಕೂತು 'ಇವರು' ಅಂದರೆ ಅವರು ಎಲ್ಲಿದ್ದಾರೆ ಎಂದು ಕೇಳಬೇಕಾಗಿಲ್ಲ.

ನನಗೆ ಸಿಟ್ಟು ಬಂತು. ಅದು ಅವ್ವನ ಪರವಾಗಿ ಬಂದ ಸಿಟ್ಟೆಂದು ಬಹಳ ದಿನ ನಂಬಿದ್ದೆ. ಅದರ ಅರ್ಧ ಬೇರೆಯದೇ ಆಗಿತ್ತು: ಅಕ್ಕೋರು ನನ್ನ ಅಕ್ಕೋರಾಗಿದ್ದರು. ಎಂಟು ವರ್ಷದ ಹುಡುಗಿಯೊಬ್ಬಳು ನನ್ನೊಳಗೆ ಪಾಟಿ ಹಿಡಿದುಕೊಂಡು ಅಳುತ್ತ ನಿಂತಿದ್ದಳು.

ಆ ದಿನಗಳಲ್ಲೇ ಒಂದು ರಾತ್ರಿ ನಾವೆಲ್ಲ ಕೂಡಿ ಟಿವಿಯಲ್ಲಿ ಒಂದು ಪ್ರೇಮಕಥೆ ನೋಡಿದೆವು. ಹೆಂಡತಿ ತೀರಿಕೊಂಡ ಗಂಡಸು, ಅವನ ಮಕ್ಕಳು, ಅವನ ದೊಡ್ಡ ಮನೆತನ, ಅವನ ಬಾಳಿಗೆ ಬರುವ ಹೊಸ ಹೆಣ್ಣು. ನಗಿಸುತ್ತ ನಗಿಸುತ್ತ ಕಣ್ಣು ತೇವ ಮಾಡುವ ಬಗೆಯದು. ಈ ಜಾತಿಯ ಸಿನಿಮಾಗಳು ನನಗೆ ತುಂಬ ಇಷ್ಟ. ಇಂಗ್ಲಿಷಿನಲ್ಲಿ ಇಂಥವು ಎಷ್ಟೋ ಇವೆ, ಯಾಕಿವೆ ಎಂದೂ ಗೊತ್ತು. ವಿಚ್ಛೇದನವಾದ ನಾಯಕನನ್ನು ತಂದರೆ ತಪ್ಪು ಯಾರದೆಂದು ಪ್ರೇಕ್ಷಕರು ಕೇಳುತ್ತಾರೆ. ಹೆಂಡತಿ ತೀರಿಕೊಂಡವನಾದರೆ ಆ ಪ್ರಶ್ನೆಯಿಲ್ಲ. ಅವನು ಪ್ರೀತಿಸಬಲ್ಲವನೆಂದು ಒಮ್ಮೆ ತೋರಿಸಿಯೂ ಆಗಿದೆ, ಅವನ ಮೈಮೇಲೆ ಅಪವಾದವೂ ಇಲ್ಲ. ಕಥೆ ಬರೆಯುವವರಿಗೆ ಇದಕ್ಕಿಂತ ಅನುಕೂಲದ ನಾಯಕ ಸಿಗಲಾರ. ಮಕ್ಕಳು ಮೊದಲು ಮುನಿಯುತ್ತಾರೆ, ಆಮೇಲೆ ಅಪ್ಪನನ್ನು ತಾವೇ ಮುಂದಕ್ಕೆ ನೂಕುತ್ತಾರೆ. ಕೊನೆಗೆ ಎಲ್ಲರೂ ಕುಣಿಯುತ್ತಾರೆ.

ಸಿನಿಮಾ ಮುಗಿದಾಗ ಅಪ್ಪ ಅಂದದ್ದು ಒಂದೇ ಮಾತು. "ಇವರ ಮನ್ಯಾಗ ಯಾರೂ 'ಯಾಕ' ಅಂತ ಕೇಳಲಿಲ್ಲ ನೋಡು."

ಆ ಮಾತು ನನ್ನ ತಲೆಯಿಂದ ಇಳಿಯಲಿಲ್ಲ. ನಮ್ಮಲ್ಲಿ ಹೆಂಡತಿ ತೀರಿಕೊಂಡ ಗಂಡಸಿಗೆ ಬಳಕೆಯಲ್ಲಿ ಒಂದು ಶಬ್ದವೂ ಇಲ್ಲ. 'ವಿಧುರ' ಅನ್ನುವುದು ಅರ್ಜಿ ನಮೂನೆಯಲ್ಲಿ ಮಾತ್ರ ಇದೆ, ಯಾರ ಬಾಯಲ್ಲೂ ಇಲ್ಲ. ಹೆಣ್ಣಿಗಾದರೆ ಎಷ್ಟು ಶಬ್ದಗಳಿವೆ, ಅದರಲ್ಲಿ ಬೈಗುಳಗಳೇ ಎಷ್ಟಿವೆ. ಗಂಡಸಿಗೆ ಶಬ್ದ ಬೇಕಾಗಲಿಲ್ಲ, ಯಾಕೆಂದರೆ ಅವನು ಆ ಸ್ಥಿತಿಯಲ್ಲಿ ಬಹಳ ದಿನ ಉಳಿಯುತ್ತಿರಲಿಲ್ಲ. 2011ರ ಜನಗಣತಿಯಲ್ಲಿ ದೇಶದ ವಿಧವೆಯರ ಸಂಖ್ಯೆ ವಿಧುರರ ಮೂರು ಪಟ್ಟಿಗೂ ಹೆಚ್ಚು. ಹೆಂಗಸರು ಗಂಡನಿಗಿಂತ ಚಿಕ್ಕವರು, ಹೆಚ್ಚು ಕಾಲ ಬದುಕುವವರು ಅನ್ನುವುದು ಒಂದು ಕಾರಣ. ಗಂಡಸರು ಮತ್ತೆ ಮದುವೆಯಾಗುತ್ತಾರೆ ಅನ್ನುವುದು ಇನ್ನೊಂದು. ಹದಿಮೂರನೆಯ ದಿನಕ್ಕೇ ಹೆಣ್ಣು ನೋಡಿದ ಮನೆಗಳನ್ನು ನಾನು ಕಂಡಿದ್ದೇನೆ. ಆದರೆ ಆ ಮದುವೆಗಳಿಗೆಲ್ಲ ಒಂದು ಕಾರಣ ಇರುತ್ತಿತ್ತು: ಕೂಸು ಸಣ್ಣದೈತಿ, ಮುದುಕಿಗೆ ಕೈಲಾಗೂದಿಲ್ಲ, ರೊಟ್ಟಿ ಬಡಿಯಾವ್ರು ಯಾರಿಲ್ಲ. ಕಾರಣ ಒಂದಿದ್ದರೆ ಊರು ಒಪ್ಪುತ್ತದೆ, ತಾನೇ ನಿಂತು ಅಕ್ಷತೆ ಹಾಕುತ್ತದೆ. ಯಾರೋ ಇಷ್ಟವಾದರು ಅನ್ನುವುದು ಮಾತ್ರ ಅದರ ಪಟ್ಟಿಯಲ್ಲಿಲ್ಲ.

2023ರ ದೀಪಾವಳಿಗೆ ತಮ್ಮ ಬೆಂಗಳೂರಿನಿಂದ ಬಂದ. ಅತ್ತಿ, ಅಂದರೆ ಅಪ್ಪನ ಅಕ್ಕ, ಹಳ್ಳಿಯಿಂದ ಬಂದಿದ್ದರು. ಪಾಡ್ಯದ ಮಧ್ಯಾಹ್ನ ಹೋಳಿಗೆ ಊಟವಾದ ಮೇಲೆ ಅಪ್ಪ-ಅಕ್ಕೋರ ಮದುವೆಯ ಮಾತಿಗೆ ಬೈಠಕ್ ಕೂಡಿತು. ತಮ್ಮ ಲ್ಯಾಪ್‌ಟಾಪ್ ತೆರೆದಿದ್ದ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಲ್ ಇಲ್ಲದೆ ಅಪ್ಪ ತೀರಿಕೊಂಡರೆ ಹೆಂಡತಿಗೂ ಮಕ್ಕಳಿಗೂ ಸಮಪಾಲು ಎಂದು ಓದಿ ಹೇಳಿದ. ಅವನ ದನಿ ನಡುಗುತ್ತಿತ್ತು. ಆಸ್ತಿಗಾಗಿ ಹಾಗೆ ಮಾತಾಡುವ ಹುಡುಗ ಅವನಲ್ಲ. ಅವನಿಗೆ ಬೇರೆ ಯಾವ ಭಾಷೆಯಲ್ಲಿ ಅಳಬೇಕೋ ತಿಳಿಯಲಿಲ್ಲ, ಕಾಯ್ದೆಯ ಭಾಷೆ ಹಿಡಿದುಕೊಂಡ.

ಅಪ್ಪ ಎದ್ದು ಒಳಗೆ ಹೋಗಿ ಒಂದು ಫೈಲ್ ತಂದರು. ರೈಲ್ವೆಯವರು ಕಾಗದ ಕೆಡಿಸುವುದಿಲ್ಲ. ಮನೆ ಅವ್ವನ ಬಂಗಾರ ಮಾರಿ ಕಟ್ಟಿದ್ದು, ಅದು ನಮ್ಮಿಬ್ಬರು ಮಕ್ಕಳದು ಎಂದು ವಿಲ್ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಇಟ್ಟಿದ್ದರು. ಆಮೇಲೆ ಪಿಂಚಣಿಯ ಮಾತು ಬಂತು. ರಿಟೈರ್ ಆದಮೇಲೆ ಮಾಡಿಕೊಂಡ ಮದುವೆಯಾದರೂ ಹೆಂಡತಿಗೆ ಕುಟುಂಬ ಪಿಂಚಣಿ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಅಪ್ಪನಿಗೆ ಇದೂ ಗೊತ್ತಿತ್ತು. ಎಲ್ಲ ಓದಿಕೊಂಡೇ ಕೂತಿದ್ದರು.

"ಅಪ್ಪಾ, ಅಡಗಿಗೆ ಒಬ್ಬಾಕಿನ್ನ ಇಡೂಣು," ಅಂದ ತಮ್ಮ. "ಇಲ್ಲಾ, ನೀನ ಬೆಂಗಳೂರಿಗೆ ಬಾ."

"ಅಡಗಿ ನಾನ ಮಾಡತೀನಲಾ. ರೊಟ್ಟೀನೂ ಬಡೀತೀನಿ."

"ಮತ್ಯಾಕ ಬೇಕು?" ಅಂದರು ಅತ್ತಿ.

ಎಲ್ಲರೂ ಸುಮ್ಮನಾದರು. ನಾವು ಒಪ್ಪಬಹುದಾಗಿದ್ದ ಒಂದೇ ಒಂದು ಕಾರಣವನ್ನು ಅಪ್ಪ ತಮ್ಮ ಕೈಯಾರೆ ಅಳಿಸಿಹಾಕಿದ್ದರು, ಅದೂ ಅಕ್ಕೋರಿಂದ ರೊಟ್ಟಿ ಕಲಿತು. ಹಸಿವು ಇಲ್ಲ, ಜಡ್ಡಿಲ್ಲ, ಸಾಕಬೇಕಾದ ಕೂಸಿಲ್ಲ. ಅರವತ್ತಾರು ವರ್ಷದ ಅಪ್ಪ ಅಕ್ಕನ ಎದುರು ಹುಡುಗನ ಹಾಗೆ ನೆಲ ನೋಡುತ್ತ ನಿಂತರು.

"ಮಾತಾಡಿದ್ರ ಚಲೋ ಅನಸ್ತೈತಿ," ಅಂದರು.

ಅತ್ತಿ ಸೆರಗು ಝಾಡಿಸಿ ಎದ್ದುಹೋದರು. ತಮ್ಮ ಲ್ಯಾಪ್‌ಟಾಪ್ ಮುಚ್ಚಿದ.

ಒಂದು ವಾರದ ಮೇಲೆ ನಾನು ಮಾಳಮಡ್ಡಿಗೆ ಹೋದೆ. ಜಗಳ ಆಡಬೇಕೆಂದೇ ಹೋದದ್ದು. ಅಕ್ಕೋರು ಬಾಗಿಲು ತೆರೆದು, ನನ್ನ ಮುಖ ನೋಡಿ, "ಬಾ ಪುಟ್ಟಿ, ಊಟ ಆತೇನು?" ಅಂದರು. ಮೂವತ್ತೆಂಟು ವರ್ಷದ ನನಗೆ ಕಾಲಲ್ಲಿ ಬಲವೇ ಇಲ್ಲದಂತಾಯಿತು.

ಮದುವೆಯ ಮಾತು ಅವರೇ ತೆಗೆದರು. ತಮ್ಮ ಸ್ವಂತ ಪಿಂಚಣಿ ಇದೆ, ಅದರಲ್ಲಿ ಬದುಕು ನಡೆಯುತ್ತದೆ. ಯಜಮಾನರ ಅಂಚೆ ಇಲಾಖೆಯ ಕುಟುಂಬ ಪಿಂಚಣಿಯೂ ಬರುತ್ತದೆ. ಮತ್ತೆ ಮದುವೆಯಾದರೆ ಅದು ನಿಲ್ಲುತ್ತದೆ. ಮಕ್ಕಳಿಲ್ಲದ ವಿಧವೆಗೆ ಕೇಂದ್ರದ ನಿಯಮದಲ್ಲಿ ಸ್ವಲ್ಪ ಸಡಿಲಿಕೆ ಇದೆ, ಇವರಿಗೆ ಮಗಳಿದ್ದಾಳೆ. ನಾನು ರೊಕ್ಕದ ಮಾತೆಂದು ತಿಳಿದೆ. ಅವರು ತಮ್ಮ ಫೋನ್ ತೆಗೆದು ತೋರಿಸಿದರು. ತಿಂಗಳ ಕೊನೆಗೆ ಬ್ಯಾಂಕಿನಿಂದ ಬಂದ ಸಂದೇಶಗಳು, ಒಂದನ್ನೂ ಅಳಿಸಿರಲಿಲ್ಲ.

"ಪಗಾರ ಆದ ದಿವಸ ಅವರು ಬಾಗಲದಾಗ ನಿಂತು ಸೈಕಲ್ ಗಂಟಿ ಎರಡು ಸಲ ಬಾರಸತಿದ್ರು. ಈ ಮೆಸೇಜ್ ಬಂದಾಗ ನನಗ ಹಂಗ ಅನಸ್ತದ. ಇದನ್ನ ಹೆಂಗ ನಿಲ್ಲಸಲಿ, ಹೇಳು?"

"ಅಪ್ಪಗ ಹೇಳೀರೇನು?"

"ಮೊದಲ ಅವರಿಗೇ ಹೇಳೀನಿ. ಅವರು ಏನಂದ್ರು ಗೊತ್ತದೇನು? 'ಅವರೂ ಇರಲಿ, ಇಕೀನೂ ಇರಲಿ. ನಾಕು ಮಂದಿ ಕೂತು ಮಾತಾಡೂಣು' ಅಂದ್ರು."

ಇಕಿ ಅಂದರೆ ನನ್ನ ಅವ್ವ. ಪ್ಲಾಟ್‌ಫಾರ್ಮಿನ ಮೇಲೆ ಆ ಎರಡು ತಾಸು ಮಾತಾಡಿದ್ದೆಲ್ಲ ಬಹುಪಾಲು ಅವ್ವನ ಬಗ್ಗೆ, ಪೋಸ್ಟಮನ್ನರ ಬಗ್ಗೆ. ಅವ್ವ ಮಾದಲಿಗೆ ಎಷ್ಟು ಏಲಕ್ಕಿ ಹಾಕುತ್ತಿದ್ದಳು ಎಂದು ಅಕ್ಕೋರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅವ್ವನನ್ನು ಅಪ್ಪ ಮರೆಯುತ್ತಿದ್ದಾರೆ ಎಂದು ನಾನು ಮುನಿಸಿಕೊಂಡಿದ್ದ ಅಷ್ಟೂ ತಿಂಗಳಲ್ಲಿ ಅಪ್ಪ ಅವ್ವನ ಸುದ್ದಿ ಮಾತಾಡಲು ಇದ್ದ ಒಂದೇ ಜಾಗ ಈ ಮನೆಯಾಗಿತ್ತು. ನಮ್ಮ ಎದುರು ಅವ್ವನ ಹೆಸರು ತೆಗೆದರೆ ನಾವು ಅಳುತ್ತಿದ್ದೆವು, ಅದಕ್ಕೆ ಅವರು ತೆಗೆಯುವುದನ್ನೇ ಬಿಟ್ಟಿದ್ದರು.

ಆಮೇಲೆ ಒಂದು ವರ್ಷ ಯಾರೂ ಏನೂ ಅನ್ನಲಿಲ್ಲ. ಅಪ್ಪ ಚಿಗರಿಯಲ್ಲಿ ಬರುವುದು ನಡೆದೇ ಇತ್ತು. ಅಕ್ಕೋರು ಹುಬ್ಬಳ್ಳಿಗೆ ಬರುವಾಗ ಕೆಂಪು ಬಸ್ಸಿಗೇ ಬರುತ್ತಿದ್ದರು. ಎಸಿ ಬಸ್ಸಿಗೆ ಶಕ್ತಿ ಯೋಜನೆ ಇಲ್ಲ, ಪುಕ್ಕಟೆ ಬಸ್ ಇರುವಾಗ ರೊಕ್ಕ ಯಾಕೆ ಕೊಡಬೇಕು ಅನ್ನುವುದು ಅವರ ಲೆಕ್ಕ. ಅಪ್ಪನಿಗೆ ಆ ಬಸ್ ನಿಧಾನವೆಂದು ಚಡಪಡಿಕೆ. ಕೇಶ್ವಾಪುರದ ತಿರುವಿನಲ್ಲಿ ಅರ್ಧ ತಾಸು ಮೊದಲೇ ಹೋಗಿ ನಿಲ್ಲುತ್ತಿದ್ದರು, ಲೇಟಾದ ಗಾಡಿಗೆ ಕಾಯುವ ಗಾರ್ಡಿನ ಹಾಗೆ, ಬಸ್ ಬರುವ ದಿಕ್ಕನ್ನೇ ನೋಡುತ್ತ.

2024ರ ಸೆಪ್ಟೆಂಬರಿನಲ್ಲಿ ಅತ್ತಿ ಮತ್ತೆ ಬಂದರು, ಹಿರೇರ ಹಬ್ಬಕ್ಕೆ. ಮಾನಮಿ ಅಮಾಸಿ, ಅಂದರೆ ಮಹಾಲಯ ಅಮಾವಾಸ್ಯೆ, ಆ ವರ್ಷ ಅಕ್ಟೋಬರ್ 2ಕ್ಕೆ ಬಿದ್ದಿತ್ತು. ಹಿಂದಿನ ರಾತ್ರಿ ನಾವಿಬ್ಬರೇ ಅಡುಗೆಮನೆಯಲ್ಲಿ ಕಡಬಿಗೆ ಹೂರಣ ರುಬ್ಬುತ್ತ ಕೂತಿದ್ದೆವು. ನಾನು ಯಾವುದೋ ಮಾತಿಗೆ, ಮೊದಲಿನ ಕಾಲದಲ್ಲಿ ಗಂಡ ಸತ್ತ ಹೆಂಗಸರು ಮತ್ತೆ ಮದುವೆಯಾಗುತ್ತಿರಲಿಲ್ಲವೇ ಎಂದು ಕೇಳಿದೆ.

"ಯಾಕಿಲ್ಲ? ಉಡಕಿ ಮಾಡಿಕೊಂತಿದ್ರು," ಅಂದರು ಅತ್ತಿ. ಹೊಸ ಸೀರೆ ಉಡಿಸಿಕೊಳ್ಳುವುದೇ ಉಡಕಿ. ಕಾಯ್ದೆ ಕಾನೂನು ಬರುವುದಕ್ಕೆ ಎಷ್ಟೋ ಮೊದಲಿನಿಂದ ನಮ್ಮ ಸೀಮೆಯ ಅನೇಕ ಜಾತಿಗಳಲ್ಲಿ ನಡೆದು ಬಂದ ರೂಢಿ. ಹಂದರವಿಲ್ಲ, ಬಾಜಾ ಇಲ್ಲ. ಕತ್ತಲಾದ ಮೇಲೆ, ನಾಲ್ಕು ಜನ ಹಿರಿಯರ ಎದುರಿಗೆ, ಗಂಡು ತಂದ ಸೀರೆಯನ್ನು ಹೆಣ್ಣು ಉಡುತ್ತಾಳೆ. ಅಷ್ಟಕ್ಕೆ ಸಂಸಾರ ಕೂಡುತ್ತದೆ. ಮುತ್ತೈದೆಯರು ಎದುರಿಗೆ ಬರಬಾರದು, ಶುಭಕಾರ್ಯದಲ್ಲಿ ಅವಳನ್ನು ಮುಂದೆ ಮಾಡಬಾರದು, ಇಂಥವು ಬೇಕಾದಷ್ಟು ಇದ್ದವು. ಆದರೂ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. "ನಿಮ್ಮ ಅಕ್ಕೋರ ಮಂದ್ಯಾಗ ಅದೂ ಇರಲಿಲ್ಲ, ಪಾಪ," ಅಂದರು.

ಸ್ವಲ್ಪ ಹೊತ್ತು ರುಬ್ಬಿದರು.

"ನನಗೂ ಒಬ್ಬರು ಕೇಳಿ ಕಳಿಸಿದ್ರು."

ಅತ್ತಿಗೆ ಗಂಡ ಹೋದದ್ದು ಇಪ್ಪತ್ತೆರಡನೆಯ ವಯಸ್ಸಿಗೆ, 1972ರ ಬರಗಾಲದಲ್ಲಿ. ತವರಿಗೆ ಬಂದವರು ಅಲ್ಲೇ ಉಳಿದರು, ತಮ್ಮಂದಿರ ಮಕ್ಕಳನ್ನೆಲ್ಲ ಎತ್ತಿ ಆಡಿಸಿದರು. ನಮಗೆ ಗೊತ್ತಿದ್ದದ್ದು ಇಷ್ಟೇ. ಕೇಳಿ ಕಳಿಸಿದವರು ಪಕ್ಕದ ಊರಿನವರು, ಹೆಂಡತಿ ಬಾಣಂತಿತನದಲ್ಲಿ ತೀರಿಕೊಂಡಿದ್ದಳಂತೆ. ಹತ್ತಿ ಬಿಡಿಸಲು ಹೋದಾಗ ಹೊಲದ ಬದುವಿನ ಮೇಲೆ ನಿಂತು ಮಾತಾಡಿಸಿದ್ದರಂತೆ.

"ನಿಮ್ಮಜ್ಜ ಒಲ್ಲೆ ಅಂದ. ನಮ್ಮ ಮನಿತನದಾಗ ಉಡಕಿ ಮಾಡಿದವರಿಲ್ಲ ಅಂದ. 'ಆಗೂದಿಲ್ಲ' ಅಂತ ಹೇಳಿ ಬಾ ಅಂತ ನಿಮ್ಮಪ್ಪನ್ನ ಸೈಕಲ್ ಮ್ಯಾಲೆ ಕಳಿಸಿದ. ಹದಿನೈದು ವರ್ಷದ ಹುಡುಗ. ಹ್ವಾದ, ಹೇಳಿ ಬಂದ."

"ಅಪ್ಪಗ ಅದು ನೆನಪೈತೇನು?"

"ಐತಿ. ಆವತ್ತ ದೀಪಾವಳ್ಯಾಗ ನಾನು 'ಮತ್ಯಾಕ ಬೇಕು' ಅಂದಾಗ, ಅವ ಮಾರಿ ಎತ್ತಿ ನನ್ನ ನೋಡಲಿಲ್ಲಲಾ. ಅದಕ್ಕ ಗೊತ್ತಾತು, ನೆನಪೈತಿ ಅಂತ."

ಮರುದಿನ ಅಮಾಸಿ. ನಮ್ಮಲ್ಲಿ ಹಿರೇರ ಹಬ್ಬಕ್ಕೆ ತೀರಿಕೊಂಡವರ ಹೆಸರಲ್ಲಿ ಹೊಸ ಅರಿವೆ ಇಟ್ಟು ಪೂಜೆ ಮಾಡಿ, ಎಡೆ ಹಿಡಿಯುತ್ತೇವೆ. ಅವ್ವ ಮುತ್ತೈದೆಯಾಗಿ ಹೋದವಳು, ಅವಳಿಗೆ ಪ್ರತಿ ವರ್ಷ ಸೀರೆ. ಪೂಜೆಯ ನಂತರ ಆ ಸೀರೆ ಮನೆಯ ಮುತ್ತೈದೆಗೆ ಸೇರುತ್ತದೆ. ನಾಲ್ಕು ವರ್ಷ ಒಮ್ಮೆ ನಾನು, ಒಮ್ಮೆ ತಮ್ಮನ ಹೆಂಡತಿ, ಹೀಗೆ ಉಟ್ಟಿದ್ದೆವು. ಆ ವರ್ಷದ್ದು ಅತ್ತಿ ತಾವೇ ಆರಿಸಿ ತಂದ ಇಳಕಲ್ ಸೀರೆ, ಗೋಮಿ ದಡಿಯದು, ಅವ್ವನಿಗೆ ಇಷ್ಟವಾಗುತ್ತಿದ್ದ ಬಣ್ಣದ್ದು.

ಅಕ್ಕೋರು ಊಟಕ್ಕೆ ಬಂದಿದ್ದರು. ಕರೆದವಳು ನಾನು. ಹೊರಗಿನ ಕೋಣೆಯಲ್ಲಿ, ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಯಾವಾಗ ಬೇಕಾದರೂ ಎದ್ದುಹೋಗಲು ಸಿದ್ಧರಿದ್ದವರಂತೆ ಕೂತಿದ್ದರು. ಪೂಜೆ ಮುಗಿಯಿತು. ಅತ್ತಿ ಅವ್ವನ ಫೋಟೋದ ಮುಂದಿನಿಂದ ಸೀರೆ ಎತ್ತಿಕೊಂಡರು. ನನ್ನ ಕಡೆ ಬರುತ್ತಾರೆ ಎಂದು ನಾನು ಸೆರಗು ಸರಿಪಡಿಸಿಕೊಂಡೆ. ಅವರು ನನ್ನನ್ನು ದಾಟಿ ಹೊರಗಿನ ಕೋಣೆಗೆ ನಡೆದರು. ಮಂಡಿನೋವಿನ ಎಪ್ಪತ್ನಾಲ್ಕು ವರ್ಷದ ಹೆಂಗಸು, ಗೋಡೆ ಹಿಡಿದುಕೊಂಡು ಹೋಗಿ, ಸೀರೆಯನ್ನು ಅಕ್ಕೋರ ಉಡಿಯಲ್ಲಿ ಇಟ್ಟರು.

"ತಗೋರಿ. ಉಟಗೋರಿ."

ಅಕ್ಕೋರು ಎದ್ದು ನಿಂತುಬಿಟ್ಟರು. "ನನಗಲ್ಲರಿ ಇದು. ನಾನು ಹೆಂಗ..."

"ನನಗ ಎಲ್ಲಾ ಗೊತ್ತೈತಿ. ಉಟಗೋರಿ."

ಅಪ್ಪ ಕೈಯಲ್ಲಿ ಆರತಿ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಹೊರಗೆ ಹಗಲು ಬೆಳಕಿತ್ತು. ಮನೆ ತುಂಬ ಜನರಿದ್ದರು. ತಮ್ಮ, ತಮ್ಮನ ಹೆಂಡತಿ, ನನ್ನ ಗಂಡ, ಪಕ್ಕದ ಮನೆಯವರು ಇಬ್ಬರು. ಅತ್ತಿ ಯಾರ ಮುಖವನ್ನೂ ನೋಡದೆ ಒಳಗೆ ಬಂದು ಎಲೆ ಹಾಕಲು ಹೇಳಿದರು. ಅಕ್ಕೋರು ಆ ದಿನ ಸೀರೆ ಉಡಲಿಲ್ಲ. ಎದೆಗೆ ಒತ್ತಿ ಹಿಡಿದುಕೊಂಡು ಕೆಂಪು ಬಸ್ ಹತ್ತಿ ಹೋದರು.

ಹತ್ತು ದಿನಕ್ಕೆ ದಸರಾ. ಬನ್ನಿ ಮುಡಿಯುವ ಸಂಜೆ. ಅಪ್ಪ ಮಧ್ಯಾಹ್ನವೇ ಬನ್ನಿ ಎಲೆ ಕಟ್ಟಿಕೊಂಡು ಧಾರವಾಡಕ್ಕೆ ಹೋದರು, ಹೋಗುವಾಗ ಯಾವ ನೆಪವನ್ನೂ ಹೇಳಲಿಲ್ಲ. ರಾತ್ರಿ ಎಂಟಕ್ಕೆ ನನ್ನ ಫೋನಿಗೆ ಒಂದು ಫೋಟೋ ಬಂತು. ಕೆಲಗೇರಿ ಕೆರೆಯ ದಂಡೆ, ಇಳಿಬಿಸಿಲು. ಅಕ್ಕೋರು ಗೋಮಿ ದಡಿಯ ಸೀರೆ ಉಟ್ಟು ನಿಂತಿದ್ದಾರೆ, ಕೈಯಲ್ಲಿ ಬನ್ನಿ. ಕ್ಯಾಮೆರಾ ಕಡೆ ನೋಡುತ್ತಿಲ್ಲ, ಫೋಟೋ ತೆಗೆಯುವವರನ್ನು ನೋಡುತ್ತಿದ್ದಾರೆ. ಕೆಳಗೆ ಅಪ್ಪ ಬರೆದದ್ದು ಇಷ್ಟು: "ಅತ್ತಿಗೆ ತೋರಸು."

ಅತ್ತಿ ಇನ್ನೂ ನಮ್ಮಲ್ಲೇ ಇದ್ದರು. ಬನ್ನಿ ಕೊಡಲು ಬಂದ ಓಣಿಯ ಮಕ್ಕಳಿಗೆಲ್ಲ ಪೇಢೆ ಹಂಚಿ ಆಗಷ್ಟೇ ಕೂತಿದ್ದರು. ಫೋನ್ ಕೈಗೆ ಕೊಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡರು. ಬೆರಳಿನಿಂದ ಫೋಟೋ ದೊಡ್ಡದು ಮಾಡುವುದನ್ನು ನನ್ನ ಮಗನಿಂದ ಕಲಿತಿದ್ದರು, ದೊಡ್ಡದು ಮಾಡಿ ಸೆರಗಿನಿಂದ ಕಾಲಿನವರೆಗೆ ಬಹಳ ಹೊತ್ತು ನೋಡಿದರು.

"ನಿರಿಗಿ ಚಲೋ ಹಿಡದಾರ," ಅಂದರು.